ರಂಗಭೂಮಿಯ ‘ಪ್ರೊಡ್ಯೂಸರ್’ಗೆ ‘ನಿರ್ಮಾಪಕ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕೆನೆತ್ ಮೆಕ್‌ಗೋವನ್ (1888–1963) ಅವರ ಬಗ್ಗೆ ಲೇಖನ ಬರೆಯಲು ಕೂತು ಮೊದಲ ಸಾಲಿನಲ್ಲೇ ನಿಂತಿದ್ದೇನೆ. ‘ರಂಗವಿಮರ್ಶಕ’ ಎನ್ನುವುದಕ್ಕೆ ಅಡ್ಡಿಯಿಲ್ಲ. ತೊಡಕಿರುವುದು ‘ಪ್ರೊಡ್ಯೂಸರ್’ನಲ್ಲಿ.

‘ನಿರ್ಮಾಪಕ’ ಅಂದರೆ ನಮ್ಮಲ್ಲಿ ಸಿನಿಮಾಕ್ಕೆ ದುಡ್ಡು ಹಾಕುವವರು. ಮೆಕ್‌ಗೋವನ್ ನ್ಯೂಯಾರ್ಕಿನಲ್ಲಿ ಮಾಡಿದ್ದೇ ಬೇರೆ. ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದ ಅವರು ರಂಗವಿನ್ಯಾಸಕ ರಾಬರ್ಟ್ ಎಡ್ಮಂಡ್ ಜೋನ್ಸ್ ಜೊತೆ ಯುರೋಪಿನ ರಂಗಮಂದಿರಗಳನ್ನು ಸುತ್ತಿ ಬಂದು, 1922ರಲ್ಲಿ ಅಲ್ಲಿನ ರಂಗತಂತ್ರದ ಮೇಲೆ ಪುಸ್ತಕ ತಂದರು. ಮರುವರ್ಷ ಜೋನ್ಸ್ ಮತ್ತು ನಾಟಕಕಾರ ಯೂಜೀನ್ ಓನೀಲ್ ಜೊತೆಗೂಡಿ ಪ್ರಾವಿನ್ಸ್‌ಟೌನ್ ಪ್ಲೇಹೌಸ್ ಎಂಬ ಪುಟ್ಟ ರಂಗಮಂದಿರದ ಹೊಣೆ ಹೊತ್ತರು. 1924ರ ಜನವರಿಯಲ್ಲಿ ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ರ ನಾಟಕದಿಂದ ಶುರು. ಮುಖವಾಡಗಳ ಬಗ್ಗೆ 1923ರಲ್ಲೇ ಪುಸ್ತಕ ಬರೆದಿದ್ದ ವಿಮರ್ಶಕರು, 1926ರಲ್ಲಿ ಓನೀಲ್‌ರ ಮುಖವಾಡದ ನಾಟಕವನ್ನೇ ರಂಗಕ್ಕೆ ತಂದರು. ಬರೆದದ್ದನ್ನು ಮಾಡಿ ತೋರಿಸಿದ ಈ ಗುಣಕ್ಕೇ ನನಗೆ ಅವರ ಮೇಲೆ ಇಷ್ಟು ಪ್ರೀತಿ. ಇದು ‘ನಿರ್ಮಾಪಕ’ದಲ್ಲಿ ಕಾಣುವುದೇ ಇಲ್ಲ.

‘ನಿರ್ದೇಶಕ’ ಎನ್ನೋಣವೆಂದರೆ ಇನ್ನೊಂದು ಗೋಜಲು. ಪ್ಲೇಹೌಸಿನಲ್ಲಿ ಅವರ ಹುದ್ದೆಯ ಹೆಸರೇ ‘ಡೈರೆಕ್ಟರ್’. ಆದರೆ 1924ರ ಕೊನೆಯಲ್ಲಿ ಬಂದ ಓನೀಲ್‌ರ ‘ಡಿಸೈರ್ ಅಂಡರ್ ದಿ ಎಲ್ಮ್ಸ್’ ನಾಟಕವನ್ನು ನಿರ್ದೇಶಿಸಿದ್ದು ಜೋನ್ಸ್. ಸಾಲದ್ದಕ್ಕೆ, ಆ ಕಾಲದ ಇಂಗ್ಲೆಂಡಿನಲ್ಲಿ ನಾಟಕ ನಿರ್ದೇಶಿಸುವವರನ್ನೇ ‘ಪ್ರೊಡ್ಯೂಸರ್’ ಎನ್ನುತ್ತಿದ್ದರು. ಹಳೆಯ ಬರಹಗಳನ್ನು ಅನುವಾದಿಸುವವರು ಇಲ್ಲಿ ಎಚ್ಚರವಾಗಿರಬೇಕು.

ನಮ್ಮ ಪದಗಳನ್ನು ತಿರುವಿ ನೋಡಿದೆ. ‘ಪ್ರಾಯೋಜಕ’ ಜಾಹೀರಾತಿನವರ ಪಾಲಾಗಿದೆ. ಹವ್ಯಾಸಿ ತಂಡಗಳ ಕರಪತ್ರದಲ್ಲಿ ಬರುವ ‘ನಿರ್ವಹಣೆ’ ಒಳ್ಳೆಯ ಪದ, ಆದರೆ ಓಡಾಟದ ಕೆಲಸಕ್ಕಷ್ಟೇ ಒಗ್ಗಿದೆ. ಕಂಪನಿ ನಾಟಕದ ‘ಮಾಲೀಕರು’ ಬಹಳ ಹತ್ತಿರ: ಯಾವ ನಾಟಕ, ಯಾರಿಗೆ ಯಾವ ಪಾತ್ರ, ಯಾವ ಊರಲ್ಲಿ ಕ್ಯಾಂಪು, ಎಲ್ಲ ಅವರ ಕೈಯಲ್ಲೇ. ಆದರೆ ಮೂವರು ಸಮಾನ ಗೆಳೆಯರು ಕೂಡಿ ನಡೆಸಿದ ಪುಟ್ಟ ರಂಗಮಂದಿರಕ್ಕೆ ಆ ಪದದ ಒಡೆತನ ಭಾರವಾಗುತ್ತದೆ.

1932ರಲ್ಲಿ ಮೆಕ್‌ಗೋವನ್ ಹಾಲಿವುಡ್ಡಿಗೆ ಹೋದರು. 1935ರ ‘ಬೆಕಿ ಶಾರ್ಪ್’, 1944ರ ಹಿಚ್‌ಕಾಕ್ ಚಿತ್ರ ‘ಲೈಫ್‌ಬೋಟ್’ ಅವರವು. ಅಲ್ಲಿಗೆ ‘ನಿರ್ಮಾಪಕ’ ಎಂದೇ ಬರೆಯುತ್ತೇನೆ.

ನಾಟಕಕ್ಕೆ ಮಾತ್ರ ನಾಮಪದ ಬಿಟ್ಟು ಕ್ರಿಯಾಪದ ಹಿಡಿಯುವ ಮನಸ್ಸಾಗಿದೆ: ‘ಮೆಕ್‌ಗೋವನ್ ಆಡಿಸಿದ ನಾಟಕಗಳು’. ಆಡುವವರು ನಟರು, ಆಡಿಸಿದವರು ಇವರು. ಅಚ್ಚಗನ್ನಡ, ಕಿವಿಗೂ ಹಿತ. ಒಂದೇ ಅಳುಕು: ಯಕ್ಷಗಾನದಲ್ಲಿ ‘ಆಟ ಆಡಿಸುವುದು’ ಎಂದರೆ ಹರಕೆ ಹೊತ್ತವರು ಆ ರಾತ್ರಿಯ ಖರ್ಚು ಕೊಡುವುದು, ಮೇಳ ನಡೆಸುವವರು ಯಜಮಾನರು. ಕರಾವಳಿಯ ಓದುಗರಿಗೆ ‘ಆಡಿಸಿದ’ ಎಂದರೆ ಮತ್ತೆ ದುಡ್ಡು ಕೊಟ್ಟವರೇ ನೆನಪಾಗುತ್ತಾರೆಯೇ? ಅಲ್ಲಿಯವರು ದಯವಿಟ್ಟು ತಿಳಿಸಿ.