ಅಪ್‌ಡೇಟ್: ಕೊಡಗು, ತುಳುನಾಡು ಮತ್ತು ನಮ್ಮ ಮಗಳು

ನಾನು ಕೊಡವತಿ, ಪತಿ ತುಳುವರು. ‘ನೀನು ಯಾವ ಕಡೆಯವಳು?’ ಎಂದು ಸಹಪಾಠಿಗಳು ಕೇಳಿದಾಗ ಮಗಳು ಮುದುಡಿಕೊಳ್ಳುತ್ತಾಳೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಹಿರಿಯರಿಂದಲೇ ಕಥೆ ಹೇಳಿಸಿ ಎಂಬ ನಿಮ್ಮ ಸಲಹೆಯಂತೆ, ನನ್ನ ತಾಯಿ ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಹೊಸ ಕದಿರನ್ನು ಐನ್‌ಮನೆಗೆ (ಕುಲದ ಮೂಲ ಮನೆಗೆ) ತರುತ್ತಿದ್ದ ಬಗೆಯನ್ನೂ, ನನ್ನ ಅತ್ತೆಯವರು ತುಳು ಜನಪದ ಹಾಡುಗಳಾದ ಪಾಡ್ದನಗಳಲ್ಲಿ ಉಳಿದುಬಂದಿರುವ ಕೋಟಿ-ಚೆನ್ನಯರ ಕಥೆಯನ್ನೂ ಅವಳಿಗೆ ಹೇಳತೊಡಗಿದರು. ಅವಳ ಮನಸ್ಸನ್ನು ಸೆಳೆದವರು ಆ ಅವಳಿ ವೀರರಲ್ಲ, ಅರಸ ಬಲ್ಲಾಳನ ಗಾಯಕ್ಕೆ ಮದ್ದು ಮಾಡಿದ ಅವರ ತಾಯಿ ದೇಯಿ ಬೈದೆದಿ (ಹಿತ್ತಲಿನ ಪ್ರತಿಯೊಂದು ಸೊಪ್ಪಿನ ಗುಣ ಹೇಳುವುದು ಈಗ ನಮ್ಮ ಪಾಲಿಗೆ ಬಂದಿದೆ!). ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಕಾಸರಗೋಡಿನ ಬಳಿ ಕಡಲು ಸೇರುವ ಪಯಸ್ವಿನಿ ನದಿಯ ನಕ್ಷೆ ಬಿಡಿಸಿ, ಅದರಲ್ಲಿ ಎರಡೂ ಅಜ್ಜಿಮನೆಗಳನ್ನು ತಾನೇ ಗುರುತಿಸಿದ್ದಾಳೆ. ಸಹಪಾಠಿಗಳ ಪ್ರಶ್ನೆ ಇನ್ನೂ ನಿಂತಿಲ್ಲವಾದರೂ, ಈಗ ಕೇಳಿದವರನ್ನು ಕೂರಿಸಿಕೊಂಡು ದೇಯಿಯ ಕಥೆಯನ್ನೇ ಆರಂಭಿಸುತ್ತಾಳಂತೆ.