‘ಕುಣಿ’ ಅಂದ್ರೆ ಕುಣಿಯೋದಷ್ಟೇ ಅಲ್ವಾ? ಗದಗ-ಹಾವೇರಿ ಕಡೆಯವರು ತಿಳಿಸಿಕೊಡಿ

ಮಂಡ್ಯದ ಟೀಚರ್:

ನಾನು ಮಂಡ್ಯ ಕಡೆಯವಳು. ಗದಗ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ಬಂದು ಎಂಟು ತಿಂಗಳಾಯ್ತು. ಪಾಠ ಮಾಡೋದು ಕನ್ನಡವನ್ನೇ. ಆದರೂ ಹೋದ ವಾರ ಒಂದು ಕನ್ನಡ ಮಾತು ಗೊತ್ತಿಲ್ಲದೆ ಮಗುವಿನ ಮನಸ್ಸು ನೋಯಿಸಿಬಿಟ್ಟೆ.

ನಾಲ್ಕನೇ ಕ್ಲಾಸಿನ ಹುಡುಗ ಎರಡು ದಿನ ಬಂದಿರಲಿಲ್ಲ. ಯಾಕೋ ಅಂದೆ. ‘ಕುಣಿ ಹತ್ರ ಇದ್ನಿರಿ’ ಅಂದ. ದನಿ ಸಣ್ಣದಿತ್ತು, ನನ್ನ ಕಿವಿಗೆ ಬಿದ್ದದ್ದು ‘ಕುಣಿ’ ಒಂದೇ. ಊರಲ್ಲಿ ಏನೋ ಜಾತ್ರೆ ಇರಬೇಕು, ಇವನೂ ಕುಣಿಯೋಕೆ ಹೋಗಿದ್ದಾನೆ ಅಂದುಕೊಂಡು ‘ಹೌದಾ, ಎಲ್ಲಿ, ನಮಗೂ ಸ್ವಲ್ಪ ಕುಣಿದು ತೋರಿಸು’ ಅಂದೆ. ಮಕ್ಕಳು ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ‘ಟೀಚರ್ರ, ಅವರ ಆಯಿ ಸತ್ತಾಳ್ರಿ’ ಅಂದಳು. ಆಯಿ ಅಂದರೆ ಇಲ್ಲಿ ಅಜ್ಜಿ. ಹುಡುಗ ಅಳಲಿಲ್ಲ, ನನ್ನನ್ನೇ ನೋಡ್ತಾ ನಿಂತಿದ್ದ.

ಇಲ್ಲಿ ಹೆಣ ಹೂಳುವ ಗುಂಡಿಗೆ ‘ಕುಣಿ’ ಅಂತಾರೆ ಅಂತ ಆಮೇಲೆ ಹೆಡ್‌ಮಾಸ್ತರು ಹೇಳಿದರು. ಎರಡೂ ಒಂದೇ ಪದವಾ? ಕೇಳಿದ ಕೂಡಲೇ ಯಾವುದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?

ಇನ್ನೊಂದು ವಿಷಯ. ಶಾಲೆಯ ಗ್ಯಾದರಿಂಗಿಗೆ ಮಕ್ಕಳನ್ನ ತಯಾರು ಮಾಡ್ತಿದ್ದೇನೆ. ಒಬ್ಬ ತಾಯಿ ಬಂದು ‘ನಮ್ಮ ಹುಡುಗೀನ ಕುಣಸಬ್ಯಾಡ್ರಿ’ ಅಂದರು. ಅದೇ ತಾಯಿ ತಮ್ಮ ಮಗ ಡೊಳ್ಳು ಕುಣಿತದಲ್ಲಿ ಇದ್ದಾನೆ ಅಂತ ಖುಷಿಯಿಂದ ಹೇಳಿದರು. ಮಗನಿಗೆ ಮರ್ಯಾದೆ ತರುವ ಮಾತು ಮಗಳಿಗೆ ಯಾಕೆ ಬೇಡವಾಯ್ತು?

ಹಳೇ ಹುಬ್ಬಳ್ಳಿ:

ಟೀಚರ್ರ, ಗೊತ್ತಿಲ್ಲದ ಆಡಿದ ಮಾತು ಅದು, ಹುಡುಗನ ಮುಂದ ಒಂದೀಟು ಹೇಳಿಕೊಂಡ್ರ ಸಾಕು.

ಬರೇ ‘ಕುಣಿ’ ಅಂದ್ರ ನಮಗೂ ತಿಳಿಯಂಗಿಲ್ಲ, ಮುಂದಿನ ಮಾತು ಕೇಳಬೇಕು. ‘ಕುಣ್ಯಾಕ ಹೋದ್ರು’ ಅಂದ್ರ ಹೆಜ್ಜಿ ಹಾಕಾಕ. ‘ಕುಣಿ ತಗ್ಯಾಕ ಹೋದ್ರು’ ಅಂದ್ರ ಯಾರದೋ ಮಣ್ಣು ಐತಿ ಅಂತ ಅರ್ಥ. ಸತ್ತವರ ಕಾರ್ಯಕ್ಕ ಹೋಗೋದಕ್ಕ ‘ಮಣ್ಣಿಗೆ ಹೋಗೋದು’ ಅಂತೀವಿ, ಅದನ್ನೂ ತಿಳಕೊಂಡಿರ್ರಿ, ನಾಳೆ ಯಾರರ ರಜಾ ಚೀಟಿಯೊಳಗ ಬರೀತಾರ. ರಸ್ತೇದಾಗಿನ ಗುಂಡಿಗೆ ಮಾತ್ರ ‘ತಗ್ಗು’.

ಕುಣಿಯೋದು ಅಂದ್ರ ಬರೇ ಸಂತೋಷ ಅಂತಲೂ ತಿಳೀಬ್ಯಾಡ್ರಿ. ಸಿಟ್ಟು ಬಂದವ ‘ಥಕಥಕ ಕುಣೀತಾನ’. ಸಲಗಿ ಕೊಟ್ರ ‘ತಲಿ ಮ್ಯಾಲೆ ಕುಂತು ಕುಣೀತಾನ’. ಮಂದಿ ಮಾತು ಕೇಳವ ‘ಅವರು ಕುಣಿಸಿದಂಗ ಕುಣೀತಾನ’. ಇದರಾಗ ಒಂದರ ಹೊಗಳಿಕಿ ಐತೇನ್ರಿ? ಪಗಾರದ ದಿನ ಧಾರವಾಡ ಫೇಡೆ ತಂದ್ರ ಮನ್ಯಾಗ ಸಣ್ಣ ಹುಡುಗ್ರು ಕುಣಿದಾಡ್ತಾವು, ಅಲ್ಲೊಂದು ಖುಷಿ. ಹೋಳಿಯೊಳಗ ಜಗ್ಗಲಗಿ ಹಿಂದ ಕುಣಿಯೋದು ಇನ್ನೊಂದು. ಗಾಡಿ ಗಾಲಿಯಷ್ಟು ದೊಡ್ಡ ಚರ್ಮವಾದ್ಯ ಅದು, ನೆಲದ ಮ್ಯಾಲೆ ಉರುಳಿಸಿಕೋತ ಬಡೀತಾರ. ಆ ಸಪ್ಪಳಕ್ಕ ಎದಿ ನಡುಗತೈತಿ, ಕಾಲು ತಾವ ಎದ್ದು ಬಿಡ್ತಾವು.

ರೋಣ ತಾಲೂಕು, ರೈತ:

ಅಕ್ಕೋರ, ನಾ ಕುಣಿ ತಗದವನೂ ಹೌದು, ಕುಣಿ ಸುತ್ತ ಕುಣದವನೂ ಹೌದು. ಅದಕ್ಕ ನಾಕು ಮಾತು ಬರಿಯಾಕ ಹತ್ತೀನಿ.

ನಿಮ್ಮೂರ ಮಸೂತಿ ಮುಂದ ಹೋಗಿ ನೋಡ್ರಿ. ದುಂಡಗ ಒಂದು ತಗ್ಗು, ಅದರ ಸುತ್ತ ಸಣ್ಣ ಕಟ್ಟಿ ಇರಬಹುದು. ಈಗ ಮಣ್ಣು ಮುಚ್ಚಿರತಾರ, ನಡುವ ಗಿಡಾನೂ ಇರಬಹುದು. ಅದಕ್ಕ ಅಲಾಯಿ ಕುಣಿ ಅಂತಾರ. ಅಲಾವ ಅಂದ್ರ ಉರ್ದುದಾಗ ಉರಿಯೋ ಬೆಂಕಿ. ಮೊಹರಮ್ ಚಂದ್ರ ಕಂಡ ಮ್ಯಾಲೆ ಅಲ್ಲಿ ಗುದ್ದಲಿ ಹಾಕ್ತಾರ, ಮಣ್ಣು ತಗೀತಾರ, ಕಟಿಗಿ ಒಟ್ಟಿ ಬೆಂಕಿ ಮಾಡ್ತಾರ. ರಾತ್ರಿ ಊಟ ಮುಗಿಸಿ ಗಂಡಸರು ಆ ಕುಣಿ ಸುತ್ತ ದುಂಡಗ ನಿಂತು ಹೆಜ್ಜಿ ಹಾಕ್ತೀವಿ. ಅದು ಅಲಾಯಿ ಕುಣಿತ. ಕುಣಿ ಸುತ್ತ ಕುಣಿತ! ಎರಡೂ ಮಾತು ಒಂದ ಜಾಗಾದಾಗ ನಿಂತಾವು ನೋಡ್ರಿ.

ನಮ್ಮೂರಾಗ ಮುಸಲ್ಮಾನರ ಮನಿ ನಾಕೇ ನಾಕು. ದೇವರು, ಅಂದ್ರ ಮೊಹರಮ್ ಪಂಜಾ, ಕೂಡ್ಸೋದು ಅವರ ಮನತನದವರು. ಆದ್ರ ಹೆಜ್ಜಿ ಮೇಳದಾಗ ನಾವು ಲಿಂಗಾಯತರು, ಕುರುಬರು, ತಳವಾರರು ಎಲ್ಲಾರೂ ಅದೀವಿ. ರಿವಾಯತ ಪದ ಹಾಡ್ತೀವಿ, ಕನ್ನಡದಾಗ. ಪದದ ಕಥಿ ಪೈಗಂಬರರ ಮೊಮ್ಮಗ ಇಮಾಮ ಹುಸೇನರದು. 680ರೊಳಗ ಕರ್ಬಲಾದಾಗ ನೀರು ಸಿಗದಂಗ ಮಾಡಿ ಅವರನ್ನ ಕೊಂದರು. ಹಂಗಂದಮ್ಯಾಲೆ ನಾವು ಕುಣಿಯೋದು ಯಾಕ? ಅವರಿಗಾಗಿ ಅತ್ತು ಕುಣಿಯೋದು. ಹೆಜ್ಜಿ ಜೋರು ಇರತೈತಿ, ಮಾರಿ ಮ್ಯಾಲೆ ನಗಿ ಇರಂಗಿಲ್ಲ.

ನಮ್ಮಪ್ಪ ಮೇಳದಾಗ ಮುಂದಿನ ಹೆಜ್ಜಿಯವ. ಅಂವ ಬಲಗಾಲು ನೆಲಕ್ಕ ಹೊಡೆದ್ರ ಹಿಂದಿನ ಇಪ್ಪತ್ತು ಮಂದಿ ಬಲಗಾಲು ಒಂದ ಸಲ ಬೀಳ್ತಿತ್ತು. ನನಗ ಹೆಜ್ಜಿ ಕಲಸುವಾಗ ಬಾಯಿಲೆ ಹೇಳಲಿಲ್ಲ. ಕತ್ತಲ್ಯಾಗ ನನ್ನ ತನ್ನ ಮುಂದ ನಿಲ್ಲಿಸಿ, ಹೆಗಲು ಹಿಡಿದು, ತನ್ನ ಮೊಣಕಾಲಿಲೆ ನನ್ನ ಕಾಲು ನೂಕ್ತಿದ್ದ. ಈಗೂ ಮಳಿಗಾಲದಾಗ ಹೊಲಕ್ಕ ಬೀಜ ಹಾಕುವಾಗ ಒಮ್ಮೊಮ್ಮೆ ಹೆಗಲ ಮ್ಯಾಲೆ ಆ ಕೈ ಇದ್ದಂಗ ಅನಸತೈತಿ.

ಅಂವ ತೀರಿಕೊಂಡಾಗ ನಸುಕಿನ್ಯಾಗ ಗುದ್ದಲಿ, ಸಲಿಕಿ ತಗೊಂಡು ಹೊಲಕ್ಕ ಬಂದವರು ಯಾರಂದ್ರ ಅದ ಮೇಳದವರು. ಯಾರೂ ಕರೆದಿರಲಿಲ್ಲ. ಅಲಾಯಿ ಕುಣಿಗೆ ಗುದ್ದಲಿ ಹಾಕೋ ಮನತನದ ಹಿರ್ಯಾ ಮೊದಲ ಮಣ್ಣು ತಗದ. ಅಪ್ಪನ್ನ ಕುಂದರಿಸಿ, ವಿಭೂತಿ, ಪತ್ರಿ ಹಾಕಿ ಮುಚ್ಚಿದಿವಿ. ನಮ್ಮಲ್ಲಿ ಕುಣಿ ತಗ್ಯಾಕ ರೊಕ್ಕ ಕೊಡೋದಿಲ್ರಿ, ಅದು ಸಾಲ ಇದ್ದಂಗ, ಅವರ ಮನ್ಯಾಗ ಆದಾಗ ನಾವು ಹೋಗಬೇಕು. ಅದರಿಂದ ನಿಮ್ಮ ಹುಡುಗ ‘ಕುಣಿ ಹತ್ರ ಇದ್ನಿರಿ’ ಅಂದದ್ದು ಸಣ್ಣ ಮಾತಲ್ಲ. ದೊಡ್ಡವರ ಜೋಡಿ ತಾನೂ ನಿಂತಿದ್ದೆ ಅಂತ ಹೇಳ್ಯಾನ.

ಧಾರವಾಡ, ನಿವೃತ್ತ ಕನ್ನಡ ಉಪನ್ಯಾಸಕ:

ಪದಗಳು ಎರಡು, ಬೇರು ಬೇರೆ ಬೇರೆ. ಗುಂಡಿ ಅನ್ನುವ ಅರ್ಥದ್ದು ಹಳಗನ್ನಡದಲ್ಲಿ ‘ಕುೞಿ’. ತಮಿಳರು ಈಗಲೂ ಆ ೞಕಾರವನ್ನು ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಅದು ಬಿದ್ದುಹೋಗಿ ಕುಳಿ ಆಯಿತು, ಗುಳಿ ಆಯಿತು, ಈ ಭಾಗದಲ್ಲಿ ಕುಣಿಯೂ ಆಯಿತು. ಕೆನ್ನೆಯ ಗುಳಿ ಅದೇ. ಹಾವೇರಿ ರೈತರ ಗುಳಿ ರಾಗಿಯಲ್ಲಿರುವುದೂ ಅದೇ. ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಸಾಲು ಕೂಡುವಲ್ಲಿ ಸಸಿ ಊರುತ್ತಾರೆ. ಕುಣಿಯುವ ‘ಕುಣಿ’ ಮೊದಲಿನಿಂದಲೂ ಕ್ರಿಯಾಪದ, ಕುಣಿತ, ಕುಣಿಸು, ಕುಣಿದಾಡು ಎಲ್ಲ ಅದರಿಂದ ಬಂದವು. ಗುಂಡಿಯ ಕುಣಿಗೆ ವಿಭಕ್ತಿ ಹತ್ತುತ್ತದೆ: ಕುಣಿಗೆ, ಕುಣಿಯಾಗ. ತರಗತಿಯಲ್ಲಿ ಇಷ್ಟು ಹೇಳಿದರೆ ಸಾಕು.

ಹಾವೇರಿ ಹೆಣ್ಣಮಗಳು:

ಎರಡನೇ ಪ್ರಶ್ನೆಗೆ ಯಾರೂ ಕೈ ಹಚ್ಚಲಿಲ್ಲ, ನಾ ಹೇಳ್ತೀನಿ. ‘ಕುಣ್ಯಾಕ ಬರಲಾರದಾಕಿ ಅಂಗಳ ಡೊಂಕು ಅಂದ್ಲಂತ’ ಅನ್ನೋ ಗಾದಿ ನೀವೂ ಕೇಳಿರ್ತೀರಿ. ‘ಬರಲಾರದಾಕಿ’ ಅನ್ನೋ ಜಾಗಾದಾಗ ಹಿರ್ಯಾರು ಯಾವ ಮಾತು ಹಾಕಿ ಹೇಳ್ತಾರ ಅನ್ನೋದು ಗೊತ್ತಿದ್ರ ಆ ತಾಯಿ ಅಂಜಿಕಿ ತಿಳೀತದ. ಗಂಡಸು ಕುಣಿದ್ರ ದೇವರ ಮುಂದ ಕುಣಿದ ಅಂತಾರ. ಹೆಣ್ಣು ಕುಣಿದ್ಲು ಅಂದ್ರ ಯಾರ ಮುಂದ ಅಂತ ಕೇಳ್ತಾರ. ಇದು ಭಾಳ ಕೆಟ್ಟ ಅನ್ಯಾಯ.

ನಾ ಹನ್ನೆರಡು ವರ್ಷ ಆತು ಡೊಳ್ಳು ಕಟ್ಟಿಕೊಳ್ಳಾಕ ಹತ್ತಿ. ಡೊಳ್ಳು ಹೊಟ್ಟಿಗೆ ಬಿಗಿದು, ಕುಂತು ಎದ್ದು, ತಿರುಗಿ ಬಾರಸಬೇಕಂದ್ರ ಉಸುರು ಅಳತಿ ಮಾಡಿ ಬಿಡಬೇಕಾಕ್ಕೈತಿ. ಮೊದಲನೇ ವರ್ಷ ಹೆಗಲು ಕೆಂಪಾಗಿ ಬಾತು ರೊಟ್ಟಿ ಬಡಿಯಾಕ ಆಗ್ತಿರಲಿಲ್ಲ. ನಮ್ಮತ್ತಿ ಮೊದಲ ‘ಕುಣ್ಯಾಕ ಹೊಂಟ್ಲು’ ಅಂತಿದ್ರು. ಬೀರಪ್ಪನ ಜಾತ್ರಿಯೊಳಗ ನೋಡಿದ ಮ್ಯಾಲೆ ‘ನಮ್ಮ ಸೊಸಿ ಡೊಳ್ಳು ಬಾರಸ್ತಾಳ’ ಅನ್ನಾಕ ಹತ್ತಿದ್ರು. ಆ ತಾಯಿಗೂ ಹಂಗ ಹೇಳ್ರಿ: ಹುಡುಗಿ ಡೊಳ್ಳು ಬಾರಸ್ತಾಳ, ಹೆಜ್ಜಿ ಕಲೀತಾಳ. ಒಪ್ಪತಾರ. ಆದ್ರ ಗ್ಯಾದರಿಂಗಿನ ಕಾರ್ಡಿನ್ಯಾಗ ಮಾತ್ರ ‘ಕುಣಿತ’ ಅಂತಲೇ ಹಾಕಸ್ರಿ, ‘ನೃತ್ಯ’ ಅಂತ ತಿದ್ದಬ್ಯಾಡ್ರಿ. ಮಾತು ನಮ್ಮದು, ಅದನ್ನ ಮುಚ್ಚಿಡೋದ್ಯಾಕ?

ಮಂಡ್ಯದ ಟೀಚರ್:

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಹುಡುಗನ ಮನೆಗೆ ಹೋಗಿದ್ದೆ. ಅವರಪ್ಪನ ಎದುರಿಗೇ ನಾನು ಆಡಿದ ಮಾತು ಹೇಳಿ ತಪ್ಪಾಯ್ತು ಅಂದೆ. ‘ಏ, ನಿಮಗ ಹೆಂಗ ಗೊತ್ತಾಗಬೇಕ್ರಿ’ ಅಂದು ಚಹಾ ತರಿಸಿದರು. ಆಯಿಯ ಕೌದಿ ತೋರಿಸಿದ್ದು ಹುಡುಗ, ಅವನು ಹುಟ್ಟಿದಾಗ ಹೊಲಿದದ್ದಂತೆ.

ಹೊರಡುವಾಗ ಮಸೂತಿ ಮುಂದೆ ನಿಂತು ನೋಡಿದೆ. ಕಟ್ಟೆ ಇದೆ, ನಡುವೆ ದಾಳಿಂಬೆ ಗಿಡ. ಎಂಟು ತಿಂಗಳು ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೇನೆ. ‘ಇದು ಅಲಾಯಿ ಕುಣಿನಾ?’ ಅಂದೆ. ಹುಡುಗ ಹೌದೆಂದು ತಲೆ ಆಡಿಸಿ, ಅವರಪ್ಪ ಯಾವ ಕಡೆ ನಿಂತು ಹೆಜ್ಜೆ ಶುರು ಮಾಡ್ತಾರೆ ಅಂತ ಅಲ್ಲಿಗೇ ಹೋಗಿ ನಿಂತು ತೋರಿಸಿದ. ಗುದ್ದಲಿ ಹಾಕುವ ದಿನ ನನಗೂ ಹೇಳು ಅಂದಿದ್ದೇನೆ.

ಕಾರ್ಡು ಅಚ್ಚಿಗೆ ಕೊಟ್ಟಾಯ್ತು. ‘ಹೆಣ್ಣುಮಕ್ಕಳ ಡೊಳ್ಳು ಕುಣಿತ’ ಅಂತಲೇ ಇದೆ. ಆ ತಾಯಿ ಇನ್ನೂ ಹೂಂ ಅಂದಿಲ್ಲ. ಹಾವೇರಿ ಅಕ್ಕ, ಒಂದು ಭಾನುವಾರ ನಮ್ಮ ಶಾಲೆಗೆ ಬರೋಕಾಗುತ್ತಾ?