ಅಪ್‌ಡೇಟ್: ಎಲ್ಕ್ ಬೇಟೆಯ ಚೀಲ 24ರಿಂದ 17 ಕೆ.ಜಿ.ಗೆ ಇಳಿಯಿತು

ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಸೆಪ್ಟೆಂಬರ್‌ನ ಐದು ದಿನದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ 24 ಕೆ.ಜಿ. ತೂಗುತ್ತಿದ್ದ ಚೀಲವನ್ನು ಹಗುರ ಮಾಡುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ, ಈಗ 17ಕ್ಕೆ ಬಂದಿದೆ. ಹೆಚ್ಚು ತಗ್ಗಿದ್ದು ಬಟ್ಟೆಯಲ್ಲಿ: ಮೈಮೇಲಿನದು ಬಿಟ್ಟರೆ ಉಣ್ಣೆಯ ಒಳಅಂಗಿ ಒಂದು, ಸಾಕ್ಸ್ ಎರಡು ಜೊತೆ, ಬೆಚ್ಚನೆಯ ಜಾಕೆಟ್, ರೇನ್‌ಕೋಟ್ ಅಷ್ಟೇ. ಊಟ ದಿನಕ್ಕೆ 750 ಗ್ರಾಂ. ಗ್ರಾಂಗೆ 4 ಕ್ಯಾಲೊರಿಯೂ ಕೊಡದ ತಿಂಡಿಗೆ ಜಾಗವಿಲ್ಲ.

ನೀರಿನ ಫಿಲ್ಟರ್ ವಿಷಯ ಮಾತ್ರ ಮರೆಯಬೇಡಿ. ಒದ್ದೆಯಾದದ್ದು ಹೆಪ್ಪುಗಟ್ಟಿದರೆ ಒಳಗಿನ ಟೊಳ್ಳು ಎಳೆಗಳು ಸೀಳಬಹುದು, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಡಬೇಕು.

ಮಾಂಸ ತುಂಬುವ ಬಟ್ಟೆ ಚೀಲ, ಬದಲಿ ಬ್ಲೇಡ್, ಪ್ರಥಮ ಚಿಕಿತ್ಸೆಯ ಸಾಮಾನು ಇವುಗಳಲ್ಲಿ ಕಡಿತ ಬೇಡವೇ ಬೇಡ. ಮೂಳೆ ಬಿಡಿಸಿದರೆ ಹೊರೆ ಕಡಿಮೆಯಾಗುತ್ತದೆ ನಿಜ, ಆದರೆ ಪ್ರಾಣಿ ಗಂಡೋ ಹೆಣ್ಣೋ ಎಂದು ತೋರಿಸುವ ದೇಹದ ಭಾಗ ಮಾಂಸಕ್ಕೆ ಅಂಟಿಕೊಂಡೇ ಇರಬೇಕೆಂಬುದು ಅಲ್ಲಿನ ನಿಯಮ.